ಹಾಸಿಗೆಗೂ ಒಪಿಡಿ ಚೀಟಿಗೂ ನಡುವೆ

ಮನೋರೋಗ ವಿಭಾಗದಿಂದ ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಹಾಳೆಯ ಮೇಲ್ಭಾಗವೆಲ್ಲ ತುಂಬಿರುತ್ತದೆ. ಕಾಯಿಲೆಯ ಹೆಸರು, ರಕ್ತಪರೀಕ್ಷೆಯ ಅಂಕಿಗಳು, ಬೆಳಿಗ್ಗೆ ಎಷ್ಟು ರಾತ್ರಿ ಎಷ್ಟು ಎಂದು ಮದ್ದಿನ ಪಟ್ಟಿ. ಕೆಳಗೆ, ಡಾಕ್ಟರ ಸಹಿಗಿಂತ ಸ್ವಲ್ಪ ಮೇಲೆ, ಒಂದು ಸಾಲು: ನಾಲ್ಕು ವಾರ ಬಿಟ್ಟು ಒಪಿಡಿಗೆ ಬರುವುದು. ಆ ನಾಲ್ಕು ವಾರವನ್ನು ಹೇಗೆ ಕಳೆಯಬೇಕೆಂದು ಬರೆಯಲು ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ರೋಗಿಗೂ ಮನೆಯವರಿಗೂ ಎಲ್ಲಕ್ಕಿಂತ ಕಷ್ಟದ ದಿನಗಳು ಅವೇ. ಕೇರಳದ ಎರಡು ದೊಡ್ಡ ನಗರಗಳಲ್ಲಿ ಈ ಕಷ್ಟವನ್ನು ಹತ್ತಿರದಿಂದ ಕಂಡವಳು ನಾನು. ಅದಕ್ಕೊಂದು ದಾರಿ ಇದೆ, ಆ ದಾರಿಯನ್ನು ಸರ್ಕಾರ ಪ್ರತಿ ಜಿಲ್ಲೆಯಲ್ಲೂ ತೆರೆಯಬೇಕು ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಪೆರ್ಲ ನನ್ನ ಊರು. ಕನ್ನಡ ಶಾಲೆಯಲ್ಲಿ ಓದಿದೆ, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ವರ್ಗವಾದಲ್ಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿ ಈಗ ತಿರುವನಂತಪುರದಲ್ಲಿದ್ದೇನೆ. ತಮ್ಮ ಕೊಚ್ಚಿಯ ಕಾಕ್ಕನಾಡಿನಲ್ಲಿ, ಇನ್ಫೋಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಅಪ್ಪ ತೀರಿಕೊಂಡ ಮೇಲೆ ಊರಿನ ಅಡಿಕೆ ತೋಟವನ್ನು ಅಮ್ಮನೇ ನೋಡಿಕೊಳ್ಳುತ್ತಾರೆ. ತಮ್ಮ ದಿನಗಟ್ಟಲೆ ನಿದ್ದೆಯಿಲ್ಲದೆ ಓಡಾಡಿ, ಸ್ವಂತ ಕಂಪನಿ ತೆರೆಯುತ್ತೇನೆಂದು ಆ್ಯಪ್‌ಗಳಲ್ಲಿ ಸಾಲ ಎತ್ತಿ, ಕಂಡವರಿಗೆಲ್ಲ ಪಾಲುದಾರಿಕೆಯ ಮಾತು ಕೊಟ್ಟ. ಕೊನೆಗೊಂದು ರಾತ್ರಿ ರೂಮಿನ ಗೆಳೆಯರು ಹೆದರಿ ನನಗೆ ಫೋನ್ ಮಾಡಿದರು. ಅದು ಬೈಪೋಲಾರ್ ಎಂಬ ಕಾಯಿಲೆಯೆಂದು ಗೊತ್ತಾದದ್ದು ಆಸ್ಪತ್ರೆ ಸೇರಿದ ಮೇಲೆ. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಅವನು ಓದಿದ್ದಾನೆ, ಒಂದೆರಡು ಕಡೆ ತಿದ್ದಿದ್ದಾನೆ.

ಅವನನ್ನು ಸೇರಿಸಿದ ಎರ್ನಾಕುಲಂನ ವಾರ್ಡಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ನರ್ಸುಗಳು ಅವನನ್ನು ‘ಮೋನೇ’ (ಮಗನೇ) ಎಂದು ಕರೆದು ಮದ್ದು ಕುಡಿಸುತ್ತಿದ್ದರು. ಡಾಕ್ಟರು ನನ್ನನ್ನು ಕೂರಿಸಿ ಚಿತ್ರ ಬಿಡಿಸಿ ವಿವರಿಸಿದರು. ನಿದ್ದೆ ಬಂತು, ಮಾತಿನ ಓಟ ನಿಂತಿತು, ಮನೆಗೆ ಕಳಿಸಿದರು. ಕಾಕ್ಕನಾಡಿನ ರೂಮಿಗೆ ಮರಳುವ ಸ್ಥಿತಿ ಅವನದಾಗಿರಲಿಲ್ಲ, ತಿರುವನಂತಪುರದ ನನ್ನ ಬಾಡಿಗೆ ಮನೆಗೆ ಕರೆತಂದೆ. ಅಮ್ಮ ಕಾಸರಗೋಡಿನಿಂದ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಬಂದರು.

ಆಮೇಲೆ ಶುರುವಾದದ್ದನ್ನು ಮನೆಯಲ್ಲಿ ಇಂಥ ಕಾಯಿಲೆ ಕಂಡವರೆಲ್ಲ ಬಲ್ಲರು. ಉನ್ಮಾದ ಇಳಿದ ಮೇಲೆ ಮಾಡಿದ್ದೆಲ್ಲ ನೆನಪಾಗತೊಡಗುತ್ತದೆ. ಯಾರಿಗೆ ಏನು ಹೇಳಿದೆ, ಎಷ್ಟು ಹಣ ಹೋಯಿತು, ಆಫೀಸಿನಲ್ಲಿ ಯಾರ ಮೇಲೆ ಕೂಗಾಡಿದೆ. ತಮ್ಮ ಫೋನನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟು ಮಲಗುತ್ತಿದ್ದ. ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಮದ್ದಿನಿಂದ ಕೈ ನಡುಗುತ್ತಿತ್ತು, ಬಾಯಿ ಒಣಗುತ್ತಿತ್ತು. ಕಂಪನಿಯ ಎಚ್‌ಆರ್ ವಿಭಾಗದಿಂದ ಮೇಲ್ ಬಂದರೆ ಉತ್ತರ ಬರೆಯಲು ಆಗುತ್ತಿರಲಿಲ್ಲ. ನಾನು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಅಮ್ಮ ಅವನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗುಳಿಗೆಗಳನ್ನು ಎಣಿಸಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದರು. ‘ಇದು ಮದ್ದಿನ ಗುಣವಾ, ಕಾಯಿಲೆಯಾ, ಇಲ್ಲ ಬೇಸರವಾ?’ ಎಂದು ಅಮ್ಮ ದಿನಾ ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹೇಳಬಲ್ಲವರನ್ನು ಕಾಣಲು ನಾಲ್ಕು ವಾರ ಕಾಯಬೇಕಿತ್ತು. ಕಾದು ಹೋದರೆ ಒಪಿಡಿಯಲ್ಲಿ ಹೊರಗೆ ನೂರು ಜನ, ಒಳಗೆ ಕೆಲವೇ ನಿಮಿಷ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಇದೇ ಮದ್ದು ಮುಂದುವರಿಸಿ.

ಮನೋರೋಗ ವಾರ್ಡಿನಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲಿ ಜೀವಕ್ಕೆ ಅಪಾಯ ಹೆಚ್ಚು ಎನ್ನುವುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ಹಲವು ದೇಶಗಳ ಅಧ್ಯಯನಗಳು ಅದನ್ನು ಮತ್ತೆ ಮತ್ತೆ ತೋರಿಸಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಲಕ್ಷಕ್ಕೆ 12.4 ಜನ ಆತ್ಮಹತ್ಯೆಯಿಂದ ಸತ್ತರೆ ಕೇರಳದಲ್ಲಿ ಆ ಸಂಖ್ಯೆ 28.5. ಸಾಕ್ಷರತೆ, ಶಿಶುಮರಣದ ತಡೆ, ಆಯಸ್ಸು ಎಲ್ಲದರಲ್ಲೂ ಮುಂದಿರುವ ರಾಜ್ಯದ ಲೆಕ್ಕ ಇದು. ಇಲ್ಲಿ ದಾಖಲೆ ಚೆನ್ನಾಗಿ ಇಡುತ್ತಾರೆ ಎಂಬುದೂ ಒಂದು ಕಾರಣವಿರಬಹುದು, ಆದರೆ ಅಷ್ಟಕ್ಕೇ ಸಮಾಧಾನ ಪಡುವಂತಿಲ್ಲ.

ಕಾಲು ಮುರಿದವರಿಗೆ ಪ್ಲಾಸ್ಟರ್ ಬಿಚ್ಚಿದ ದಿನವೇ ‘ಇನ್ನು ಓಡಾಡಿ, ಮುಂದಿನ ತಿಂಗಳು ಬನ್ನಿ’ ಎಂದು ಯಾರೂ ಹೇಳುವುದಿಲ್ಲ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬರಹೇಳುತ್ತಾರೆ. ಮನಸ್ಸಿನ ಕಾಯಿಲೆಗೂ ಅಂಥದೊಂದು ವ್ಯವಸ್ಥೆ ಇದೆ. ಇಂಗ್ಲಿಷಿನಲ್ಲಿ ಅದನ್ನು ಇಂಟೆನ್ಸಿವ್ ಔಟ್‌ಪೇಷೆಂಟ್ ಚಿಕಿತ್ಸೆ ಎನ್ನುತ್ತಾರೆ. ನಾನು ಹಗಲು ಚಿಕಿತ್ಸೆ ಎಂದೇ ಕರೆಯುತ್ತೇನೆ. ಅಡ್ಮಿಟ್ ಆಗುವುದಿಲ್ಲ, ರಾತ್ರಿ ಮಲಗುವುದು ಮನೆಯಲ್ಲೇ. ಆದರೆ ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಸುಮಾರು ಮೂರು ಗಂಟೆ ಹೋಗಿ ಕೂರಬೇಕು. ಹೀಗೆ ಎರಡು ಮೂರು ತಿಂಗಳು. ಗುಂಪಿನಲ್ಲಿ ಮಾತು, ಮನಶ್ಶಾಸ್ತ್ರಜ್ಞರ ಜತೆ ಒಬ್ಬರೇ ಕುಳಿತು ಮಾತು, ಮನೆಯವರನ್ನು ಸೇರಿಸಿ ಮಾತು, ನಡುನಡುವೆ ಮದ್ದಿನ ಪರಿಶೀಲನೆ. ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಗೆ ಹಾಕಿಕೊಂಡ ಅಳತೆಗೋಲಿನಲ್ಲಿ ಈ ಹಂತಕ್ಕೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 9 ಗಂಟೆ, ಹದಿಹರೆಯದವರಿಗೆ 6 ಗಂಟೆ ಎಂದು ನಿಗದಿಯಾಗಿದೆ. ಪ್ರಾಣಕ್ಕೆ ಕೂಡಲೇ ಅಪಾಯವಿದ್ದವರಿಗೆ, ಊಟ ನೀರು ಬಿಟ್ಟವರಿಗೆ, ವಾಸ್ತವದ ಅರಿವೇ ತಪ್ಪಿದವರಿಗೆ ಇದು ಸಾಲದು. ಅವರಿಗೆ ವಾರ್ಡೇ ಬೇಕು. ಆದರೆ ವಾರ್ಡಿನಿಂದ ಹೊರಬಂದವರಿಗೆ, ವಾರ್ಡಿಗೆ ಹೋಗುವಷ್ಟು ಕೆಡದೆ ತಿಂಗಳಿಗೊಂದು ಭೇಟಿಯಲ್ಲಿ ನಿಭಾಯಿಸಲಾಗದೆ ಒದ್ದಾಡುವವರಿಗೆ ಇದೇ ತಕ್ಕ ಜಾಗ.

ತಿರುವನಂತಪುರದಲ್ಲಿ ಬ್ಯಾಂಕಿನ ಸಹೋದ್ಯೋಗಿಯೊಬ್ಬರು ತಿಳಿಸಿದ ಇಂಥದೊಂದು ಪುಟ್ಟ ಜಾಗಕ್ಕೆ ತಮ್ಮನನ್ನು ಕರೆದೊಯ್ದೆ. ಬಾಡಿಗೆ ಮನೆಯ ಮಹಡಿ, ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಹಲಗೆ. ನಡೆಸುತ್ತಿದ್ದವರು ಒಬ್ಬ ಮನಶ್ಶಾಸ್ತ್ರಜ್ಞೆ, ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಒಬ್ಬ ನರ್ಸ್. ಮನೋವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ನೋಡುವುದಕ್ಕೆ ತೀರಾ ಸಾದಾ ಕೆಲಸ. ಮಲಗಿದ್ದು ಎದ್ದದ್ದು ಎಷ್ಟು ಗಂಟೆಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಿಂದಿನ ಸಲ ಕಾಯಿಲೆ ಏರುವ ಮೊದಲು ಏನೇನು ಬದಲಾಗಿತ್ತು ಎಂದು ಪಟ್ಟಿ ಮಾಡುವುದು. ತಮ್ಮನ ಪಟ್ಟಿಯಲ್ಲಿ ಇದ್ದವು ಇಷ್ಟು: ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ, ಒಂದೇ ದಿನ ಹತ್ತಾರು ಹಳೆಯ ಸ್ನೇಹಿತರಿಗೆ ಫೋನ್, ಹೊಸ ವ್ಯಾಪಾರದ ಯೋಚನೆ, ಅಕ್ಕನ ಮೇಲೆ ಸಿಟ್ಟು. ಕೊನೆಯದನ್ನು ಅವನೇ ಗಟ್ಟಿಯಾಗಿ ಓದಿದ. ಈ ನಾಲ್ಕರಲ್ಲಿ ಎರಡು ಕಂಡರೆ ಯಾರಿಗೆ ಫೋನ್ ಮಾಡಬೇಕು, ಯಾವ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಬೇಕು, ಎಟಿಎಂ ಕಾರ್ಡ್ ಯಾರ ಕೈಗೆ ಕೊಡಬೇಕು ಎಂದು ಅವನೇ ಬರೆದು ಸಹಿ ಹಾಕಿದ. ಎಚ್‌ಆರ್‌ಗೆ ಕಳಿಸಬೇಕಿದ್ದ ಮೇಲನ್ನು ಗುಂಪಿನವರೆಲ್ಲ ಸೇರಿ ತಿದ್ದಿಕೊಟ್ಟರು. ಅಲ್ಲಿ ಒಬ್ಬರು ಆಟೋ ಓಡಿಸುವವರು, ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ, ಒಬ್ಬರು ಗಲ್ಫಿನಿಂದ ಕೆಲಸ ಬಿಟ್ಟು ಬಂದವರು. ತನ್ನ ಹಾಗೆಯೇ ಸಾಲ ಮಾಡಿಕೊಂಡು, ತನ್ನ ಹಾಗೆಯೇ ನಾಚಿಕೆಪಟ್ಟು, ಆಮೇಲೆ ಮತ್ತೆ ಆಟೋ ಹತ್ತಿದವರೊಬ್ಬರ ಮಾತು ತಮ್ಮನಿಗೆ ಹಿಡಿಸಿದಷ್ಟು ನನ್ನ ಸಮಾಧಾನ ಹಿಡಿಸಿರಲಿಲ್ಲ. ಹಿಡಿಸಬೇಕೆಂದೂ ಇಲ್ಲ.

ಅಲ್ಲಿಗೆ ಹೋಗಿ ಬರುವುದಕ್ಕೇ ಅವನು ಸ್ನಾನ ಮಾಡಿ, ಅಂಗಿ ಇಸ್ತ್ರಿ ಮಾಡಿ, ಬಸ್ ಹಿಡಿಯುತ್ತಿದ್ದ. ವಾರದ ಮೂರು ಬೆಳಿಗ್ಗೆಗಳಿಗೆ ಒಂದು ಕೆಲಸ ಬಂತು. ಅಮ್ಮನ ಕುರ್ಚಿ ಬಾಗಿಲಿನಿಂದ ಎದ್ದು ಅಡುಗೆಮನೆಗೆ ಹೋಯಿತು. ಈಗ ಅವನು ಕೊಚ್ಚಿಯಲ್ಲಿ ಮತ್ತೆ ಕೆಲಸದಲ್ಲಿದ್ದಾನೆ, ಮದ್ದು ತಪ್ಪಿಸುವುದಿಲ್ಲ.

ಹಗಲು ಚಿಕಿತ್ಸೆಗೆ ತಗಲಿದ ಖರ್ಚನ್ನೆಲ್ಲ ನಮ್ಮ ಕೈಯಿಂದಲೇ ಕೊಟ್ಟೆವು. ನನಗೆ ಬ್ಯಾಂಕಿನ ಸಂಬಳವಿದೆ, ಕೊಡಲು ಸಾಧ್ಯವಾಯಿತು. ಆಸ್ಪತ್ರೆಯ ಬಿಲ್ಲನ್ನು ಅವನ ಕಂಪನಿಯ ವಿಮೆ ಭರಿಸಿತ್ತು. ಹಗಲು ಚಿಕಿತ್ಸೆಯ ಬಿಲ್ಲು ಕಳಿಸಿದರೆ, ಇಪ್ಪತ್ನಾಲ್ಕು ಗಂಟೆ ದಾಖಲಾಗಿಲ್ಲ ಎಂಬ ಕಾರಣ ಕೊಟ್ಟು ಹಿಂದಿರುಗಿಸಿದರು. ಇದು ಒಂದು ಕಂಪನಿಯ ತಪ್ಪು ಅಂತಲ್ಲ, ನಮ್ಮ ಆರೋಗ್ಯ ವಿಮೆಯ ಕಟ್ಟಡವೇ ಹಾಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂದು 2018ರ ಮೇ 29ರಿಂದ ಜಾರಿಯಲ್ಲಿದೆ. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಅಕ್ಟೋಬರಿನಲ್ಲಿ ಎಲ್ಲ ಕಂಪನಿಗಳಿಗೂ ಇದನ್ನು ಪಾಲಿಸುವಂತೆ ಸೂಚಿಸಿತು. ಆದರೆ ದೇಹದ ಕಾಯಿಲೆಗೆ ಹಾಕಿದ್ದ ‘ಹಾಸಿಗೆ ಹಿಡಿದರೆ ಮಾತ್ರ ಹಣ’ ಎಂಬ ನಿಯಮವೂ ಹಾಗೆಯೇ ಇಲ್ಲಿಗೆ ಬಂತು. ಕ್ಯಾಟರಾಕ್ಟ್ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಕೀಮೋಥೆರಪಿಗೆ ಇಪ್ಪತ್ನಾಲ್ಕು ಗಂಟೆಯ ನಿಯಮದಿಂದ ವಿನಾಯಿತಿ ಇದೆ. ರಾತ್ರಿ ಉಳಿಯದೆ ಮುಗಿಯುವ ಚಿಕಿತ್ಸೆಗಳ ಆ ಪಟ್ಟಿಗೆ ಮನೋರೋಗದ ಹಗಲು ಚಿಕಿತ್ಸೆಯನ್ನೂ ಸೇರಿಸಲು ಕಾನೂನು ತಿದ್ದಬೇಕಿಲ್ಲ, ಒಂದು ಸುತ್ತೋಲೆ ಸಾಕು. ವಾರ್ಡಿನ ಖರ್ಚಿಗೆ ಹೋಲಿಸಿದರೆ ಇದು ವಿಮೆಯವರಿಗೂ ಅಗ್ಗ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಭರವಸೆ ಕೊಡುತ್ತದೆ. ಅದೂ ಬಹುಪಾಲು ಆಸ್ಪತ್ರೆ ಸೇರಿದವರಿಗೇ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟೇ ಬರುತ್ತದೆ.

ಬದುಕಿನುದ್ದಕ್ಕೂ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕರ ವಯಸ್ಸಿಗೆ ಮೊದಲೇ ಶುರುವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕೇರಳವೂ ಸೇರಿ 12 ರಾಜ್ಯಗಳಿದ್ದವು. 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3ರಷ್ಟು, ಮಹಾನಗರಗಳಲ್ಲಿ ನೂರಕ್ಕೆ 13.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದುದು ಕಂಡಿತು. 2017ರ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರನ್ನು ವಾರ್ಡಿಗೆ ದಾಖಲಿಸುವುದು ಅಪರೂಪದ ಸಂದರ್ಭದಲ್ಲಿ ಮಾತ್ರ. ದಾಖಲಿಸಿದರೂ ದೊಡ್ಡವರಿಂದ ಬೇರೆಯೇ ಇಡಬೇಕು, ಜತೆಗೆ ಮನೆಯವರೊಬ್ಬರು ಇರಬೇಕು. ಒಳ್ಳೆಯ ಕಾನೂನು. ಆದರೆ ವಾರ್ಡು ಬೇಡ ಎಂದ ಮೇಲೆ ಮಗುವನ್ನು ಕಳಿಸುವುದೆಲ್ಲಿಗೆ? ಕೈ ಕೊಯ್ದುಕೊಳ್ಳುವ, ಊಟ ಬಿಟ್ಟ, ತಿಂಗಳಿನಿಂದ ಶಾಲೆಗೆ ಹೋಗದೆ ಕೋಣೆ ಸೇರಿದ ಹದಿನಾರರ ಹುಡುಗಿಗೆ ಸಿಗುವುದು ಅದೇ ನಾಲ್ಕು ವಾರಕ್ಕೊಮ್ಮೆಯ ಒಪಿಡಿ.

ನನ್ನ ಅಪಾರ್ಟ್‌ಮೆಂಟಿನಲ್ಲೇ ಅಂಥ ಒಬ್ಬ ಹುಡುಗಿ ಇದ್ದಾಳೆ. ಪ್ಲಸ್ ಟೂ, ಜತೆಗೆ ನೀಟ್ ಕೋಚಿಂಗ್. ಅವಳ ತಾಯಿ ನನ್ನೊಡನೆ ಲಿಫ್ಟಿನಲ್ಲಿ ಮಾತಿಗೆ ಸಿಕ್ಕವರು, ಈಗ ಮನೆಗೆ ಬಂದು ಕೂರುತ್ತಾರೆ. ಹಗಲು ಚಿಕಿತ್ಸೆಗೆ ಕಳಿಸಲು ಅವರಿಗೆ ಆಸೆ. ಆದರೆ ಅದು ನಡೆಯುವುದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಹಾಜರಾತಿ ಹೋಗುತ್ತದೆ, ಕಾರಣ ಕೇಳುತ್ತಾರೆ, ಕಾರಣ ಹೇಳಿದರೆ ಕ್ಲಾಸಿನಲ್ಲೆಲ್ಲ ಹರಡುತ್ತದೆ. ‘ಚೇಚಿ (ಅಕ್ಕಾ), ಸಂಜೆ ನಾಲ್ಕರ ಮೇಲೆ ಇದ್ದಿದ್ದರೆ ಟ್ಯೂಷನ್ ಅಂತ ಕಳಿಸಬಹುದಿತ್ತು’ ಎಂದರು. ಎಷ್ಟು ಸರಳವಾದ ಬೇಡಿಕೆ! ಕೆಲಸಕ್ಕೆ ಹೋಗುವ ದೊಡ್ಡವರಿಗೂ ಇದೇ ತೊಂದರೆ. ವಾರಕ್ಕೆ ಮೂರು ಬೆಳಿಗ್ಗೆ ರಜೆ ಕೊಡುವ ಕಂಪನಿ ಇನ್ಫೋಪಾರ್ಕಿನಲ್ಲೂ ಇಲ್ಲ, ತಿರುವನಂತಪುರದ ಟೆಕ್ನೋಪಾರ್ಕಿನಲ್ಲೂ ಇಲ್ಲ ಎಂದು ತಮ್ಮ ಹೇಳುತ್ತಾನೆ. ಮೊಬೈಲಿನ ಗೀಳಿಗೆ ಬಿದ್ದ ಮಕ್ಕಳಿಗಾಗಿ ಕೇರಳ ಪೊಲೀಸರು ಕೊಚ್ಚಿ, ತಿರುವನಂತಪುರ ಮೊದಲಾದ ನಗರಗಳಲ್ಲಿ ಡಿ-ಡ್ಯಾಡ್ ಎಂಬ ಕೇಂದ್ರಗಳನ್ನು ತೆರೆದಿದ್ದಾರೆ. ಅವರ ಕಾಳಜಿಗೆ ನನ್ನ ಗೌರವವಿದೆ. ಆದರೆ ಮಕ್ಕಳ ಮನಸ್ಸಿನ ಆರೈಕೆಗೆ ಪೊಲೀಸ್ ಇಲಾಖೆ ಮುಂದೆ ಬರಬೇಕಾಗಿದೆ ಎಂದರೆ ಆರೋಗ್ಯ ಇಲಾಖೆ ಎಲ್ಲಿ ಜಾಗ ಖಾಲಿ ಬಿಟ್ಟಿದೆ ಎಂದು ತಿಳಿಯುತ್ತದೆ.

ಹಗಲು ಚಿಕಿತ್ಸೆಯೇನು ಹೊಸ ಪ್ರಯೋಗವಲ್ಲ. ಮಾಸ್ಕೋದಲ್ಲಿ 1930ರ ದಶಕದಲ್ಲೇ ಹಗಲು ಆಸ್ಪತ್ರೆ ಇತ್ತು. 1946ರಲ್ಲಿ ಮಾಂಟ್ರಿಯಲ್ ಮತ್ತು ಲಂಡನ್ನಿನಲ್ಲಿ ಅಂಥವು ಶುರುವಾದವು. 1963ರ ಅಮೆರಿಕದ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಯಡಿ ಪ್ರತಿ ಕೇಂದ್ರವೂ ಕೊಡಲೇಬೇಕಾದ ಸೇವೆಗಳಲ್ಲಿ ಭಾಗಶಃ ಆಸ್ಪತ್ರೆ ಚಿಕಿತ್ಸೆಯೂ ಒಂದಾಯಿತು. ತೀವ್ರ ಕಾಯಿಲೆಯ ಎಷ್ಟೋ ಜನರಿಗೆ ಹಗಲು ಆಸ್ಪತ್ರೆಯ ಆರೈಕೆ ವಾರ್ಡಿನ ಆರೈಕೆಯಷ್ಟೇ ಫಲ ಕೊಡುತ್ತದೆ ಎಂದು 2011ರ ಕಾಕ್ರೇನ್ ಪರಾಮರ್ಶೆ ಕಂಡುಕೊಂಡಿತು.

ನಮ್ಮಲ್ಲಿ ಇದರ ತುಣುಕುಗಳೆಲ್ಲ ಇವೆ, ಅವನ್ನು ಜೋಡಿಸಿಲ್ಲ. ತಿರುವನಂತಪುರದ ಊಳಂಪಾರದ ಮಾನಸಿಕ ಆರೋಗ್ಯ ಕೇಂದ್ರ ತಿರುವಾಂಕೂರಿನ ಅರಸರ ಕಾಲದಲ್ಲಿ, 1870ರಲ್ಲಿ ಶುರುವಾದದ್ದು. ಬೆಂಗಳೂರಿನಲ್ಲಿ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಹಂಗಿಸುವವರು ಇರುವಂತೆ ಇಲ್ಲಿ ಊಳಂಪಾರದ ಹೆಸರು ಹಿಡಿದು ಹಂಗಿಸುವವರಿದ್ದಾರೆ. ಆ ಮಾತಿಗೆ ಹೆದರಿ ಎಷ್ಟೋ ಮನೆಗಳು ಆ ಗೇಟಿನೊಳಗೆ ಕಾಲಿಡುವುದೇ ಇಲ್ಲ. ಆದರೆ ಕೇರಳದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1999ರಲ್ಲಿ ಮೊದಲು ಹೆಜ್ಜೆಯಿಟ್ಟದ್ದೂ ಇದೇ ತಿರುವನಂತಪುರದಲ್ಲಿ. ಇವತ್ತು 14 ಜಿಲ್ಲೆಗಳಲ್ಲೂ ಅದರ ತಂಡಗಳಿವೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಸರದಿಯ ಮೇಲೆ ತಾಲೂಕು ಆಸ್ಪತ್ರೆಗಳಿಗೂ ಕುಟುಂಬ ಆರೋಗ್ಯ ಕೇಂದ್ರಗಳಿಗೂ ಹೋಗಿ ತಿಂಗಳ ಕ್ಲಿನಿಕ್ ನಡೆಸುತ್ತಾರೆ. ಖಿನ್ನತೆಯನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ಗುರುತಿಸಲು ‘ಆಶ್ವಾಸಂ’ ಎಂಬ ಯೋಜನೆಯಿದೆ. ವಾಸಿಯಾದವರು ಹಗಲಲ್ಲಿ ಬಂದು ಕೂತು ಕೆಲಸ ಕಲಿಯಲು ‘ಪಗಲ್‌ವೀಡು’ಗಳಿವೆ. ಕುಟುಂಬ ಆರೋಗ್ಯ ಕೇಂದ್ರಗಳು ಸಂಜೆ ಆರರವರೆಗೂ ತೆರೆದಿರುತ್ತವೆ, ಇದು 2017ರಲ್ಲಿ ಶುರುವಾದ ಆರ್ದ್ರಂ ಮಿಷನ್‌ನ ಕೊಡುಗೆ. ಕಟ್ಟಡ ಇದೆ, ಸಂಜೆಯ ವೇಳೆ ಇದೆ, ತಂಡ ಇದೆ. ತಿಂಗಳಿಗೊಮ್ಮೆ ಬರುವ ತಂಡ ವಾರಕ್ಕೆ ಮೂರು ಸಂಜೆ ಒಂದು ಕಡೆ ನೆಲೆ ನಿಲ್ಲುವಂತೆ ಮಾಡುವುದಷ್ಟೇ ಬಾಕಿ.

ಕೇರಳಕ್ಕೆ ಇದು ಆಗದ ಕೆಲಸವಲ್ಲ. ಪಾಲಿಯೇಟಿವ್ ಆರೈಕೆಯಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯಲ್ಲಿ, ಈ ರಾಜ್ಯ ಮಾಡಿದ್ದೇ ಅದನ್ನು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರು ಹುಟ್ಟುಹಾಕಿದ ಸಂಸ್ಥೆಯಿಂದ ಶುರುವಾಗಿ, 2008ರಲ್ಲಿ ಸರ್ಕಾರದ ನೀತಿಯಾಗಿ, ಇಂದು ಪಂಚಾಯತಿಯ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಕೊಚ್ಚಿಯ ಮೆಹಾಕ್ ಫೌಂಡೇಶನ್ ಇದೇ ದಾರಿಯನ್ನು ಮನೋರೋಗಕ್ಕೆ ತಂದಿತು. 2008ರಲ್ಲಿ ಮನೋವೈದ್ಯೆ ಡಾ. ಚಿತ್ರಾ ವೆಂಕಟೇಶ್ವರನ್ ಕಟ್ಟಿದ ಈ ಸಂಸ್ಥೆ ಊರಿನ ಪಾಲಿಯೇಟಿವ್ ಗುಂಪುಗಳನ್ನೂ ಪಂಚಾಯತಿಗಳನ್ನೂ ಜತೆಗೂಡಿಸಿಕೊಂಡು, ತೀವ್ರ ಮನೋರೋಗ ಇದ್ದವರ ಮನೆಬಾಗಿಲಿಗೆ ಚಿಕಿತ್ಸೆ ಒಯ್ಯುತ್ತದೆ. ಅದೇ ಕೊಚ್ಚಿಯಲ್ಲಿ ಮೈತ್ರಿ ಎಂಬ ಸ್ವಯಂಸೇವಕರ ಸಂಸ್ಥೆ ಬದುಕು ಬೇಡವೆನಿಸಿದವರ ಮಾತಿಗೆ ವರ್ಷಗಳಿಂದ ಕಿವಿಗೊಡುತ್ತಿದೆ. ನೆರೆಹೊರೆಯವರನ್ನು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುವ ಕಲೆ ಮಲಯಾಳಿಗಳಿಗೆ ಸಿದ್ಧಿಸಿದೆ.

ಮನೋವೈದ್ಯರೇ ಸಾಲದಿರುವಾಗ ಇದೆಲ್ಲ ಹೇಗೆ ಎಂದು ಕೇಳುವವರಿದ್ದಾರೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಪೂರ್ತಿ ಸಿಗುವುದಿಲ್ಲ ಎನ್ನುವುದು ನಿಜ. ಆದರೆ ತಮ್ಮ ಹೋಗುತ್ತಿದ್ದ ಮಹಡಿಯಲ್ಲಿ ಮನೋವೈದ್ಯರ ಪಾಲು ವಾರಕ್ಕೆ ಕೆಲವು ಗಂಟೆ, ಉಳಿದದ್ದೆಲ್ಲ ಬೇರೆಯವರ ದುಡಿಮೆ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ತರಬೇತಿ ಕೊಟ್ಟ ಸಾಮಾನ್ಯ ಜನರಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಡಿಸಿ, ಅದು ಫಲಿಸಿದ್ದನ್ನು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಂಎಸ್‌ಡಬ್ಲ್ಯೂ ಮಾಡಿ, ಮನಶ್ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ತಕ್ಕ ಕೆಲಸ ಸಿಗದವರು ಕೇರಳದಲ್ಲೂ ಕರ್ನಾಟಕದಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ತರಬೇತಿ, ಮೇಲ್ವಿಚಾರಣೆ, ಸಮಯಕ್ಕೆ ಸರಿಯಾಗಿ ಸಂಬಳ ಬೇಕು. ಗುತ್ತಿಗೆಯ ಮೇಲೆ ತಂದು ವರ್ಷಕ್ಕೊಮ್ಮೆ ಬದಲಿಸಿದರೆ ಆಗದು. ಒಬ್ಬರ ಮುಂದೆ ಮನಸ್ಸು ತೆರೆದವರು ಅವರು ಹೋದ ಮೇಲೆ ಇನ್ನೊಬ್ಬರ ಮುಂದೆ ಮೊದಲಿನಿಂದ ಶುರು ಮಾಡಲಾರರು.

ಕರ್ನಾಟಕದ ಓದುಗರು ಇದು ಕೇರಳದ ಮಾತು ಎಂದು ಪುಟ ತಿರುವಬಾರದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗ. ಈಗಲೂ ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಜಿಲ್ಲೆಗಳಲ್ಲಿ ಮಾನಸಧಾರಾ ಹಗಲು ಆರೈಕೆ ಕೇಂದ್ರಗಳಿವೆ. ಮಾನಸಧಾರಾ ಇರುವುದು ಬಹುಪಾಲು ದೀರ್ಘಕಾಲದ ಕಾಯಿಲೆಯಿಂದ ಚೇತರಿಸಿಕೊಂಡವರ ಪುನರ್ವಸತಿಗೆ. ಆಸ್ಪತ್ರೆಯಿಂದ ನಿನ್ನೆ ಬಂದವರಿಗೆ, ಶಾಲೆ ಬಿಟ್ಟು ಕೂತ ಮಕ್ಕಳಿಗೆ, ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿರುವವರಿಗೆ ಅದೇ ಕಟ್ಟಡದಲ್ಲಿ ಸಂಜೆಯ ತಂಡವೊಂದನ್ನು ಶುರು ಮಾಡಲು ಅಡ್ಡಿಯೇನು?

ಇನ್ನೊಂದು ಮಾತು ನಮ್ಮ ಕಾಸರಗೋಡಿನದು. ಹಗಲು ಚಿಕಿತ್ಸೆಯಲ್ಲಿ ಮನೆಯವರನ್ನು ಕೂರಿಸಿ ಮಾತಾಡುವ ದಿನ ಅಮ್ಮನನ್ನೂ ಕರೆದರು. ಅಮ್ಮನಿಗೆ ಕನ್ನಡ ಮತ್ತು ತುಳು ಬರುತ್ತದೆ, ಮಲಯಾಳಂ ಅಂಗಡಿಯ ವ್ಯವಹಾರಕ್ಕಷ್ಟೇ. ಆ ಮನಶ್ಶಾಸ್ತ್ರಜ್ಞೆ ಒಳ್ಳೆಯವರು, ನಿಧಾನವಾಗಿ ಮಾತಾಡಿದರು, ನಾನು ನಡುವೆ ಕೂತು ಕನ್ನಡದಲ್ಲಿ ಹೇಳುತ್ತ ಹೋದೆ. ಮಗನಿಗೆ ಹೀಗಾದದ್ದು ತಾನು ಅವನನ್ನು ಸಣ್ಣವನಿದ್ದಾಗ ಹಾಸ್ಟೆಲಿಗೆ ಕಳಿಸಿದ್ದರಿಂದ ಎಂಬ ನೋವು ಅಮ್ಮನಲ್ಲಿತ್ತು ಎಂದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಮಗಳ ಬಾಯಿಯಿಂದ ಬೇರೆಯವರಿಗೆ ಹೇಳಿಸುವ ಮಾತಲ್ಲ ಅದು, ಹಾಗಾಗಿ ಅಲ್ಲಿ ಹೇಳಲಿಲ್ಲ. ಗುಳಿಗೆಗೆ ಭಾಷೆ ಬೇಡ. ಮಾತೇ ಮದ್ದಾದಲ್ಲಿ ಮನೆಮಾತು ಬೇಕೇ ಬೇಕು. 2017ರ ಕಾಯ್ದೆಯ 22ನೇ ಸೆಕ್ಷನ್ ರೋಗಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿ ಸಿಗಬೇಕು ಎಂದು ಹೇಳುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡಿಗರು ಅಧಿಕೃತವಾಗಿ ಭಾಷಾ ಅಲ್ಪಸಂಖ್ಯಾತರು. ಶಾಲೆಯಲ್ಲಿ, ಕಚೇರಿಯ ಅರ್ಜಿಯಲ್ಲಿ ಕನ್ನಡ ಬೇಕೆಂದು ದಶಕಗಳಿಂದ ಹೋರಾಡಿದ್ದೇವೆ. ಮನಸ್ಸಿನ ಚಿಕಿತ್ಸೆಯಲ್ಲಿ ಕನ್ನಡ ಬೇಕೆಂದು ಯಾವ ಸಭೆಯಲ್ಲೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆ ಎಷ್ಟು ತೆಳ್ಳಗಿನದು ಎಂದು ಊರಿಗೆಲ್ಲ ಗೊತ್ತಾಯಿತು. ವಾರಕ್ಕೆ ಮೂರು ದಿನದ ಚಿಕಿತ್ಸೆ ಅಂದ ಮೇಲೆ ಮಂಗಳೂರೂ ದೂರ. ತಿರುವನಂತಪುರದ ಮಾತಂತೂ ಬೇಡ, ವಂದೇ ಭಾರತ್ ಹತ್ತಿದರೂ ಒಂದು ಹಗಲು ಹೋಗುತ್ತದೆ. ಪೆರ್ಲದಿಂದ ಹತ್ತಿರವೇ ಇರುವ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಅಲ್ಲಿ ಒಂದು ಕೋಣೆ, ಕನ್ನಡ ತುಳು ಬಲ್ಲ ಒಬ್ಬ ಮನಶ್ಶಾಸ್ತ್ರಜ್ಞರು, ಒಬ್ಬ ಸಮಾಜ ಕಾರ್ಯಕರ್ತರು, ವಾರಕ್ಕೆ ಮೂರು ಸಂಜೆ. ಗಡಿಯ ಆಚೆಗೇ ನಿಮ್ಹಾನ್ಸಿನಲ್ಲಿ ತರಬೇತಿ ಪಡೆದ ಕನ್ನಡಿಗರಿದ್ದಾರೆ. ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದು ಒಪ್ಪಂದ ಮಾಡಿಕೊಂಡರೆ ಆಗುವ ಕೆಲಸ.

2017ರ ಕಾಯ್ದೆಯ 18ನೇ ಸೆಕ್ಷನ್ ಮಾನಸಿಕ ಆರೋಗ್ಯ ಆರೈಕೆಯನ್ನು ಪ್ರಜೆಯ ಹಕ್ಕು ಎನ್ನುತ್ತದೆ. ಮನೆಯ ಹತ್ತಿರ, ಕೈಗೆಟಕುವ ಬೆಲೆಯಲ್ಲಿ, ಸಮುದಾಯದ ನಡುವೆ ಅದು ಸಿಗಬೇಕು ಎನ್ನುತ್ತದೆ. ಆ ಹಕ್ಕನ್ನು ಕೇಳುವವರು ಬೇಕು. ನಿಮ್ಮ ಮನೆಯವರನ್ನು ಮನೋರೋಗ ವಿಭಾಗದಿಂದ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಹಾಳೆ ಕೈಗೆ ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ: ಮುಂದಿನ ಸೋಮವಾರ ಎಲ್ಲಿಗೆ ಬರಬೇಕು, ಅಲ್ಲಿ ಯಾರಿರುತ್ತಾರೆ, ನಡುರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರವನ್ನು ಹಾಳೆಯ ಮೇಲೆ ಬರೆಸಿಕೊಳ್ಳಿ. ಉತ್ತರ ಇಲ್ಲದಿದ್ದರೆ ಜಿಲ್ಲಾ ವೈದ್ಯಾಧಿಕಾರಿಗೂ ನಿಮ್ಮ ಶಾಸಕರಿಗೂ ಪತ್ರ ಬರೆಯಿರಿ. ಅಷ್ಟರವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಕೇರಳದಲ್ಲಿ ದಿಶಾ ಸಹಾಯವಾಣಿಯ 1056 ಕೂಡ ಇದೆ.